ಲಗ್ನಪತ್ರಿಕೆಯಂಥ ಸುದ್ದಿ

ಚಲಪತಿ,

ನೀನು ಊರು ಬಿಟ್ಟ ಮೇಲೆ ಪತ್ರಿಕೆಗೆ ನಿನ್ನ ಜಾಗದಲ್ಲಿ ಹೊಸ ಬಾತ್ಮೀದಾರರು ಬಂದಿದ್ದಾರೆ. ಭಾಷೆ ನಯವಾಗಿದೆ.

ಇವತ್ತು ಮೇಲೂರಿನ ರಾಮಾಂಜಿನಪ್ಪ ವಾಚನಾಲಯಕ್ಕೆ ಬಂದು, ತನ್ನ ಹೆಂಡತಿ ಸತ್ತ ಸುದ್ದಿಯನ್ನು ಓದಿ ಹೇಳಿ ಎಂದ. ‘ರೇಷ್ಮೆ ಶೆಡ್ಡಿಗೆ ಬೆಂಕಿ, ಮಹಿಳೆಯ ದುರ್ಮರಣ’ ಎಂದು ಓದಿದೆ.

“ಕದಿರಮ್ಮ ಅಂತ ಹಾಕಿಲ್ವಾ ಮೇಷ್ಟ್ರೇ?”

“ಇಲ್ಲಪ್ಪ.”

“ಚಲಪತಪ್ಪೋರಾಗಿದ್ರೆ ಹಾಕ್ತಿದ್ರು. ಅವ್ರಿಗೆ ಕಾಗದ ಬರೆದಾಗ ತಿಳ್ಸಿ.”

ಹೌದು, ಸುದ್ದಿಯಲ್ಲಿ ಸತ್ತವರ ಅಪ್ಪ, ಊರು, ಮಕ್ಕಳನ್ನೂ ನೀನು ಬಿಡುತ್ತಿರಲಿಲ್ಲ. ‘ಇದು ಸುದ್ದಿಯೋ ಲಗ್ನಪತ್ರಿಕೆಯೋ’ ಎಂದು ನಾನು ವಾಚನಾಲಯದ ಸಭೆಯಲ್ಲಿ ಓದಿ ನಗಿಸಿದ್ದು ನಿನ್ನ ಅಂಥ ಸುದ್ದಿಯನ್ನೇ. ಪತ್ರಿಕೆಯ ಭಾಷೆಯನ್ನು ಬಹಿರಂಗವಾಗಿ ತಿದ್ದಬೇಕೆಂಬ ಮಾತನ್ನು ಈಗಲೂ ಬಿಟ್ಟಿಲ್ಲ. ನಗಿಸಬೇಕಿತ್ತೇ ಎಂಬುದು ಬೇರೆ. ಮರುದಿನದಿಂದ ನೀನು ಸುದ್ದಿ ಕಳಿಸಲಿಲ್ಲ.

ನಿನ್ನ ವಿಳಾಸ ನನ್ನಲ್ಲಿಲ್ಲ. ಆದರೂ ರಾಮಾಂಜಿನಪ್ಪನಿಗೆ, ಆಗಲಿ, ತಿಳಿಸುತ್ತೇನೆ ಎಂದಿದ್ದೇನೆ.

ಕೈವಾರದ ಮುನಿವೆಂಕಟಪ್ಪನ ಮಗಳು, ಮೇಲೂರಿನ ರಾಮಾಂಜಿನಪ್ಪನ ಹೆಂಡತಿ, ಇಬ್ಬರು ಮಕ್ಕಳ ತಾಯಿ ಕದಿರಮ್ಮ ಸೋಮವಾರ ತೀರಿಕೊಂಡಳು.