ಕ್ರೇನಿನ ಮೇಲೆ ನಡೆದ ಫೋನ್ ಪರೀಕ್ಷೆ

ಬುಧವಾರ, ಮಾರ್ಚ್ ೧೨

ಮುದ್ದು ಗುಬ್ಬಿ,

ನಿಮ್ಮ ಪತ್ರಿಕೆಗೆ ಬೇಕು, ಎರಡು ವಾರ ಬಳಸಿ ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದು ನೀನು ಕಳಿಸಿದ ಫೋನಿನ ವರದಿ ಇದು. ಅದರಲ್ಲೇ ಟೈಪ್ ಮಾಡಿ ಕಳಿಸು ಅಂದಿದ್ದೆ. ಆರೋಪಿಯ ಕೈಯಲ್ಲೇ ತೀರ್ಪು ಬರೆಸುವುದೇ? ಅದಕ್ಕೇ ಕಾಗದ ಹಿಡಿದೆ.

ಮೊದಲು ದೂರು. ತೂಕ ಹೆಚ್ಚು, ತಾಯಿ. ಡ್ಯೂಟಿ ಅಂಗಿಯ ಜೇಬಿನಿಂದ ಅರ್ಧ ಹೊರಗೆ ಇಣುಕುತ್ತದೆ. ಒಂದೇ ಕೈಯಲ್ಲಿ ಹಿಡಿದು ಮೇಲಿನ ಮೂಲೆ ಮುಟ್ಟಲು ಹೋದರೆ ಹೆಬ್ಬೆರಳು ಉಳುಕುತ್ತದೆ. ಸ್ಪೀಕರಿನಲ್ಲಿ ನಿನ್ನ ನಗು ಡಬ್ಬಿಯೊಳಗೆ ಕಾಳು ಅಲ್ಲಾಡಿಸಿದ ಹಾಗೆ ಕೇಳುತ್ತದೆ. ಬಿಸಿಲಲ್ಲಿ ತೆಗೆದ ಹಡಗಿನ ಫೋಟೊ ಚಂದ. ಮಬ್ಬಿನಲ್ಲಿ ತೆಗೆದ ನನ್ನ ಮುಖ ನನಗೇ ಗುರುತು ಸಿಗಲಿಲ್ಲ. ಆದರೆ ಅಕ್ಷರ ದೊಡ್ಡದು. ಪಾಳಿಯ ಪಟ್ಟಿಯನ್ನು ಕನ್ನಡಕವಿಲ್ಲದೆ ಓದುತ್ತೇನೆ.

ಇನ್ನು ಬ್ಯಾಟರಿ. ಇದನ್ನು ಬರೆಯಲು ಮೂರು ದಿನ ಮೀನಮೇಷ ಎಣಿಸಿದೆ. ಗಾಬರಿಯಾಗಬೇಡ, ನಾನು ಚೆನ್ನಾಗಿದ್ದೇನೆ.

ಕಳೆದ ಶುಕ್ರವಾರ ಬೆಳಿಗ್ಗೆ ಬಂದರಿನಲ್ಲಿ ಗಾಳಿ ಎದ್ದಿತು. ನಾನು ಕ್ರೇನಿನ ಕ್ಯಾಬಿನ್ನಿನಲ್ಲಿದ್ದೆ, ನೆಲದಿಂದ ಹದಿಮೂರು ಮಹಡಿ ಎತ್ತರದಲ್ಲಿ. ಕರೆಂಟು ಹೋಯಿತು, ಲಿಫ್ಟ್ ನಿಂತಿತು. ಆ ಗಾಳಿಯಲ್ಲಿ ಏಣಿ ಇಳಿಯುವ ಹಾಗಿಲ್ಲ. ವೈರ್‌ಲೆಸ್ ಸೆಟ್ಟು ಹತ್ತು ಗಂಟೆಗೇ ಪ್ರಾಣ ಬಿಟ್ಟಿತು. ಉಳಿದದ್ದು ನಿನ್ನ ಫೋನು, ಬ್ಯಾಟರಿ ಶೇಕಡ ಎಂಬತ್ತೊಂದು.

ಕೆಳಗೆ ನಿಂತು ನನಗೆ ಸನ್ನೆ ತೋರಿಸುವವರು ಕರೆ ಮಾಡಿದರು. ನೀನು ನೋಡಿದ್ದೀಯ, ಪೊದೆ ಹುಬ್ಬಿನವರು. ಹನ್ನೊಂದು ವರ್ಷ ಅವರ ಕೈ ನೋಡಿಯೇ ಸರಕು ಇಳಿಸಿದವಳು ನಾನು; ಅವರ ದನಿಯನ್ನು ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು. ತೀರಿಕೊಂಡ ಹೆಂಡತಿಯ ಬಗ್ಗೆ ಹೇಳಿದರು, ತಾರಸಿಯ ಮೇಲೆ ಬೆಳೆಸಿದ ಟೊಮೆಟೊ ಬಗ್ಗೆ, ಅದನ್ನು ಕದಿಯುವ ಅಳಿಲಿನ ಬಗ್ಗೆ. ನಾನು ನಿನ್ನ ಸುದ್ದಿ ಹೇಳಿ ಅವರ ತಲೆ ತಿಂದೆ. ಅವರ ಫೋನು ಖಾಲಿಯಾಯಿತು, ಆಮೇಲೆ ಅವರು ಎರವಲು ಪಡೆದ ಗೇಟಿನವರದು, ಆಮೇಲೆ ಬಂದರಿನ ದವಾಖಾನೆಯ ನರ್ಸಮ್ಮನದು. ನನ್ನದು ಜಪ್ಪಯ್ಯ ಅನ್ನಲಿಲ್ಲ.

ಮೂರು ಗಂಟೆಗೆ ಕ್ಯಾಬಿನ್ ಜೋರಾಗಿ ತೂಗಾಡಿತು. ಅತ್ತುಬಿಟ್ಟೆ. ಅವರು ಅಂದರು, “ಕೆಳಗೆ ಬಂದ ಮೇಲೆ ಹೇಳೋಣ ಅಂತಿದ್ದೆ, ಈಗ್ಲೇ ಹೇಳ್ತೀನಿ. ಇನ್ನುಳಿದ ಕಾಲ ನಿಮ್ಮ ಜೊತೆ ಒಂದೇ ಮನೇಲಿ ಇರ್ಬೇಕು ಅಂತ ಆಸೆ.”

ಮಗಳನ್ನು ಕೇಳಿ ಹೇಳುತ್ತೇನೆ ಎಂದೆ.

ಐದೂವರೆಗೆ ಕರೆಂಟು ಬಂತು. ನೆಲ ಮುಟ್ಟಿದಾಗ ಫೋನಿನಲ್ಲಿ ಶೇಕಡ ಮೂವತ್ತೆಂಟು ಉಳಿದಿತ್ತು. ಇದನ್ನು ಧೈರ್ಯವಾಗಿ ಅಚ್ಚು ಹಾಕಿಸು. ಉಳಿದದ್ದು ನಮ್ಮಿಬ್ಬರಿಗೆ.

ನಾಲ್ಕು ವರ್ಷದ ಹಿಂದೆ ಚಿಕ್ಕಮ್ಮ ನನ್ನ ಮರುಮದುವೆಯ ಮಾತು ತೆಗೆದಾಗ ನೀನು ಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದೆ. ತಪ್ಪೆನ್ನುವುದಿಲ್ಲ. ಅಪ್ಪನ ಜಾಗ ಅಪ್ಪನದೇ. ಆದರೆ ಗುಬ್ಬಿ, ಅವತ್ತು ಏಳೂವರೆ ಗಂಟೆ ಗಾಳಿಗೆ ಮುಖ ಕೊಟ್ಟು ನಿಂತಿದ್ದರು ಆ ಮನುಷ್ಯ. ಬಂದು ಒಮ್ಮೆ ಅವರೊಡನೆ ಕೂತು ಮಾತಾಡು. ಅಷ್ಟು ಸಾಕು.

ಗಟ್ಟಿ ನೆಲದ ಮೇಲೆ ಕೂತು ನಿನ್ನ ದಾರಿ ನೋಡುತ್ತಿರುವ,
ಅಮ್ಮ

ಮರೆಮಾಚಿದ್ದು: ಮಗಳನ್ನು ಕೇಳಿ ಹೇಳುತ್ತೇನೆ ಎಂದೆ ಅಂತ ಬರೆದೆನಲ್ಲ, ಅದು ಸುಳ್ಳು. ಅವರು ಮಾತು ಮುಗಿಸುವ ಮೊದಲೇ ಹೂಂ ಅಂದುಬಿಟ್ಟಿದ್ದೆ. ನಿನ್ನನ್ನು ಕೇಳಬೇಕಿತ್ತೆಂದು ಹೊಳೆದದ್ದು ಕೆಳಗಿಳಿದ ಮೇಲೆ. ಬೈಯುವುದಿದ್ದರೆ ಬಾ, ಎದುರಿಗೇ ಬೈಯಿ.