ಹೆಗಲು ನೋಯುತ್ತದೆಂದು ಯಾರೂ ಹೇಳಲಿಲ್ಲ

ಕುಟುಂಬ ಕಲ್ಯಾಣದ ಮಾನ್ಯ ಅಧಿಕಾರಿಗಳೇ,

ಹುಮನಾಬಾದಿನ ನಿಮ್ಮ ದುರ್ಬೀನು ಆಪರೇಷನ್ ಶಿಬಿರದಲ್ಲಿ ಹೆಣ್ಣುಮಕ್ಕಳಿಗೆ ಆಮೇಲೆ ಏನಾಗುತ್ತದೆಂದು ಯಾರೂ ಹೇಳುವುದಿಲ್ಲ. ಇದೇ ನನ್ನ ದೂರು. ಆಪರೇಷನ್ ಬೇಡವೆನ್ನುವವಳಲ್ಲ ನಾನು. 'ಒಂದೇ ಹೊಲಿಗೆ, ಅಂದೇ ಮನೆಗೆ' ಎಂದು ಬಾಗಿಲಿಗೆ ಬರೆಸಿ ಕಟ್ಟಿದ್ದಿರಿ. ಪ್ರಾಸ ಚೆನ್ನಾಗಿದೆ, ಸಾಹಿತ್ಯ ಓದಿದವಳು, ಮೆಚ್ಚಿದೆ. ಮನೆ ಸೇರಿದ ಮೇಲಿನ ಸಾಲನ್ನು ಯಾಕೆ ಬರೆಸಲಿಲ್ಲ?

ಕಳೆದ ತಿಂಗಳು ಮೋರಖಂಡಿಯಿಂದ ಅತ್ತಿಗೆ ಸುಗಂಧಾಳ ಜೊತೆ ಬಂದಿದ್ದೆ. ಹೊಕ್ಕುಳ ಬಳಿ ಸಣ್ಣ ರಂಧ್ರ ಮಾಡಿ, ಹೊಟ್ಟೆಗೆ ಗಾಳಿ ತುಂಬಿ, ದುರ್ಬೀನಿನಲ್ಲಿ ನೋಡಿ, ಮತ್ತೆ ಮಕ್ಕಳಾಗದಂತೆ ಗರ್ಭನಾಳಕ್ಕೆ ರಿಂಗು ಹಾಕಿದರು. ಉಳಿದ ಗಾಳಿ ಎರಡು ಮೂರು ದಿನ ಹೆಗಲು ನೋಯಿಸುತ್ತದೆ, ಹೊಟ್ಟೆ ಉಬ್ಬುತ್ತದೆ, ವಾರದವರೆಗೆ ಭಾರ ಎತ್ತಬಾರದು, ಜ್ವರವೋ ಕೀವೋ ಕಂಡರೆ ತಡಮಾಡದೆ ಬರಬೇಕು ಎಂದು ನಿಮ್ಮ ವೈದ್ಯರು ವಿವರಿಸಿದ್ದೂ ನಿಜ. ಕಲಿಯಲು ಬಂದ ಕಿರಿಯ ವೈದ್ಯರಿಗೆ, ಇಂಗ್ಲಿಷಿನಲ್ಲಿ. ಜಮಖಾನದ ಮೇಲೆ ಸಾಲಾಗಿ ಮಲಗಿದ್ದವರಿಗೆ ಯಾರು ಹೇಳಬೇಕಿತ್ತು?

ಅತ್ತಿಗೆಯ ಪಕ್ಕದಲ್ಲೇ ಕುಳಿತು ಆ ಇಂಗ್ಲಿಷನ್ನು ಕೇಳಿ ಅರ್ಥಮಾಡಿಕೊಂಡಿದ್ದ ನಾನು ಹೇಳಬೇಕಿತ್ತು. ಮರುದಿನ ಅತ್ತಿಗೆ ಕೊಡ ಎತ್ತಲಾರದೆ ಕುಳಿತಾಗ ನಮ್ಮವ್ವ ಅಂದಳು: "ಆಪರೇಷನ್ ಆಗಿದ್ದು ಹೊಟ್ಟಿಗಿ, ನೋವು ಹೆಗಲಿಗಿ ಹ್ಯಾಂಗ ಬಂತು? ನೆವ ಹೇಳಾಕೂ ಅಕಲ್ ಬೇಕು."

ಪಕ್ಕದ ಮನೆಯ ದ್ರೌಪತಿ ದನಿಗೂಡಿಸಿದಳು: "ನಮಗ ಗೇಣುದ್ದ ಕೊಯ್ದಿದ್ರವ್ವಾ. ಇಕಿಗಿ ಸೊಳ್ಳಿ ಕಚ್ಚಿದಷ್ಟು."

ನಮ್ಮಲ್ಲಿ ವಿಶ್ರಾಂತಿಯನ್ನು ಗಾಯದ ಉದ್ದ ನೋಡಿ ಕೊಡುತ್ತಾರೆ. ಪಡಸಾಲೆಯಲ್ಲಿ ಅಪ್ಪ, ಅಣ್ಣ ಕುಳಿತಿದ್ದರು. ಮದುವೆಯಾಗದವಳು ಗಂಡಸರೆದುರು ಗರ್ಭದ ಮಾತೆತ್ತುವುದು ಹೇಗೆ? ಸುಮ್ಮನಿದ್ದೆ. ಅತ್ತಿಗೆ ತೊಗರಿ ಕೊಯ್ಯಲು ಹೋದಳು. ನಾಲ್ಕು ದಿನದಲ್ಲಿ ಹೊಲಿಗೆ ಬಿಚ್ಚಿ ಕೀವಾಯಿತು.

ಬಸವಕಲ್ಯಾಣದ ದವಾಖಾನೆಯಲ್ಲಿ ಅವಳಿಗೆ ಎಲ್ಲ ಹೇಳಿದೆ.

"ನಿನಗ ಮೊದಲೇ ಗೊತ್ತಿತ್ತೇನು?" ಅಂದಳು. ಬೈಯಲಿಲ್ಲ. "ಹಂಗಾರ ನಿಮ್ಮವ್ವಗ ಹೇಳು, ನಾ ಸುಳ್ಳು ಹೇಳಿಲ್ಲಂತ."

ಹೇಳಿದೆ. ಅವ್ವ ನಂಬಲಿಲ್ಲ. "ವೈನಿ ಕಡಿ ಮಾತಾಡಾಕತ್ತೀ. ಡಾಕ್ಟರ್ ಹೇಳ್ಲಿ, ಕೇಳ್ತೀನಿ."

ನನ್ನ ಬಾಯಿ ಕಟ್ಟಿದ್ದು ನಾಚಿಕೆ. ನಿಮ್ಮ ಇಲಾಖೆಗೆ ಯಾವುದರ ನಾಚಿಕೆ? ಮುಂದಿನ ಶಿಬಿರಕ್ಕೆ ಮುಂಚೆ ನಮ್ಮ ಮಾತಿನಲ್ಲಿ, ಹೆಂಗಸರಿಗೂ ಅವರ ಅತ್ತೆ ಗಂಡಂದಿರಿಗೂ ಇಷ್ಟನ್ನು ಹೇಳಿಸಿ. ಬರುವ ವಾರ ಅತ್ತಿಗೆ ದವಾಖಾನೆಯಿಂದ ಮನೆಗೆ ಬರುತ್ತಾಳೆ. ಅಷ್ಟರೊಳಗೆ ನಿಮ್ಮ ಜೀಪು ನಮ್ಮ ಓಣಿಯಲ್ಲೂ ನಿಲ್ಲಲಿ. ವೈದ್ಯರು ಇಳಿದು ನಮ್ಮವ್ವನಿಗೆ ಒಂದು ಮಾತು ಹೇಳಲಿ: ಆ ನೋವು ನಿಜ.

ಇಂತಿ,
ತಿಳಿದೂ ಸುಮ್ಮನಿದ್ದ ನಾದಿನಿ
ಮೋರಖಂಡಿ, ಜನವರಿ ೧೯೮೪