ಬೇಸ್ ಟ್ರ್ಯಾಕಿನ ಕೊನೆ

ಪುಟ್ಟಾ,

ಡ್ಯೂಟಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೇನೆ, ಮೊದಲು ತಿನ್ನು, ಆಮೇಲೆ ಕಂಪ್ಯೂಟರ್.

ಅಣ್ಣನ ಬೇಸ್ ಗಿಟಾರ್ ನಿನ್ನ ಡ್ರಮ್ಮಿನಡಿ ಹೂತುಹೋಗುತ್ತದೆ ಎಂದು ಗೊಣಗುತ್ತಿದ್ದೆಯಲ್ಲ, ಸರಿಮಾಡಿದೆ. ಅವನು ನುಡಿಸಿದ ಟ್ರ್ಯಾಕನ್ನು ಎರಡು ಪ್ರತಿ ಮಾಡಿದ್ದೇನೆ. ಒಂದರಲ್ಲಿ ತಳದ ಗುಡುಗು ಸ್ವಚ್ಛವಾಗಿಯೇ ಇದೆ. ಇನ್ನೊಂದರಲ್ಲಿ ತಳ ತೆಗೆದು, ಮೇಲಿನ ದನಿಯನ್ನು ಮಾತ್ರ ಡಿಸ್ಟಾರ್ಷನ್ ಹಾಕಿ ಒರಟಾಗಿಸಿದ್ದೇನೆ. ಎರಡೂ ಬೆರೆತು ಈಗ ಎದ್ದು ಕೇಳುತ್ತದೆ. ದಯವಿಟ್ಟು ಎರಡರ ದನಿಯ ಅಳತೆ ಮುಟ್ಟಬೇಡ, ನಿನ್ನ ಕೈ ಸುಮ್ಮನಿರುವುದಿಲ್ಲ.

ಇನ್ನೊಂದು ಮಾತು. ಡಿಸ್ಟಾರ್ಷನ್ ಹಾಕಿದರೆ ಅಡಗಿದ್ದ ಸಣ್ಣ ಸದ್ದೂ ಮೇಲೇಳುತ್ತದೆ. ಕೊನೆಯಲ್ಲಿ ತಂತಿಯ ನಾದ ನಿಲ್ಲುವಾಗ, ಗಿಟಾರಿನ ಸ್ಪೀಕರ್ ಮುಂದಿಟ್ಟ ಮೈಕಿನಲ್ಲಿ ಅಣ್ಣ ಮೆಲ್ಲಗೆ ಆಡಿದ ಮಾತು ಸಿಕ್ಕಿಕೊಂಡಿದೆ: "ಪುಟ್ಟ ಇವತ್ತು ಭರ್ಜರಿಯಾಗಿ ಬಾರಿಸ್ದ ಕಣೇ. ಅವ್ನಿಗೆ ಹೇಳ್ಬೇಡ, ತಲೆ ಮೇಲೆ ಕೂತ್ಕೋತಾನೆ."

ಅಂದು ರೆಕಾರ್ಡಿಂಗ್ ಮುಗಿದದ್ದೇ ಅವನು ನಿನ್ನ ಮುಖ ನೋಡದೆ ಎದ್ದುಹೋದ, ಅದೇ ವಾರ ತೀರಿಕೊಂಡ. ಎಂಟು ತಿಂಗಳಿಂದ ನೀನು ಅದನ್ನೇ ನೆನೆದು ಕೊರಗುತ್ತಿದ್ದೀಯ. ಅವನು ಹೇಳಿದ್ದು ನನಗೆ, ಆದರೆ ನನಗೆ ಒಂದಿಷ್ಟೂ ನೆನಪಿಲ್ಲ. ನಾನು "ಹೂಂ" ಅಂದದ್ದೂ ಅದರಲ್ಲಿ ಕೇಳುತ್ತದೆ.

ಹಾಡು ಕಳಿಸುವ ಮುಂಚೆ ಹೆಡ್‌ಫೋನ್ ಹಾಕಿಕೊಂಡು ಕೇಳು. ಆ ಮಾತನ್ನು ಕತ್ತರಿಸುವುದೋ ಉಳಿಸುವುದೋ ನಿನಗೆ ಬಿಟ್ಟಿದ್ದು. ನನ್ನಿಂದಾಗಲಿಲ್ಲ. ಬೆಳಗ್ಗೆಯಿಂದ ಆರು ಸಲ ಹಾಕಿದೆ, ಆರು ಸಲವೂ ಅವನಿಗೆ ಮತ್ತೆ "ಹೂಂ" ಅಂದೆ.

ಅಕ್ಕ